ಒಮ್ಮೆ ಬರೆದಿಟ್ಟ ಮಾತು

ರಮಝಾನ್‌ಗೆ ಎರಡು ವಾರ ಇರುವಾಗಲೇ ನಮ್ಮ ಮನೆಗಳಲ್ಲಿ ಮಸಾಲೆ ಹುರಿಯುವ ಪರಿಮಳ ಏಳುತ್ತದೆ. ಕೊತ್ತಂಬರಿ, ಒಣಮೆಣಸು, ಜೀರಿಗೆ, ಮೆಂತೆ ಎಲ್ಲವನ್ನೂ ಹದವಾಗಿ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಟ್ಟರೆ ತಿಂಗಳಿಡೀ ನಿಶ್ಚಿಂತೆ. ಅಸರ್ ನಮಾಝಿನ ಬಳಿಕ ಅಡುಗೆಮನೆಗೆ ಹೋದರೆ ಒಂದು ಚಮಚ ಪುಡಿ ಸಾಕು, ಸಾರು ಸಿದ್ಧ. ಆದರೆ ಪುಡಿ ಮಾಡುವ ದಿನ ಕೊತ್ತಂಬರಿಯ ಜೊತೆ ಒಂದು ಸಣ್ಣ ಕಲ್ಲು ಸೇರಿಕೊಂಡರೆ? ಅದು ಇಡೀ ಡಬ್ಬಿಗೆ ಹರಡುತ್ತದೆ. ಮತ್ತೆ ತಿಂಗಳಿಡೀ ಪ್ರತಿಯೊಂದು ತುತ್ತಿನಲ್ಲೂ ಮರಳು.

ಓದುಗ ಸಹೋದರಿಯರೇ, ಈ ತಿಂಗಳು ನಾನು ಹೇಳಹೊರಟಿರುವುದು ಕಂಪ್ಯೂಟರಿನ ಒಂದು ಅನುಕೂಲದ ಬಗ್ಗೆ. ಅದನ್ನು ಕಲಿತು ನನಗೆ ಉಪಕಾರವಾಗಿದೆ. ಅದೇ ಅನುಕೂಲ ನನ್ನನ್ನು ಒಂದು ದೊಡ್ಡ ತಪ್ಪಿಗೂ ತಳ್ಳಿತು. ಎರಡನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ವಾರವಾರ ಅದೇ ಮಾತು

ಭಾನುವಾರ ಬೆಳಿಗ್ಗೆ ನನ್ನ ಬಳಿಗೆ ಸುಮಾರು ಮೂವತ್ತು ಹೆಣ್ಣುಮಕ್ಕಳು ದೀನೀ ಪಾಠಕ್ಕೆ ಬರುತ್ತಾರೆ. ಅವರಿಗಾಗಿ ಪ್ರತಿ ವಾರ ಒಂದು ಪುಟದ ಪಾಠ ಸಿದ್ಧಪಡಿಸುತ್ತೇನೆ. ಒಂದು ವಾರ ಶುಚಿತ್ವ, ಇನ್ನೊಂದು ವಾರ ಮಾತಿನ ಶಿಷ್ಟಾಚಾರ, ಮತ್ತೊಂದು ವಾರ ಹೆತ್ತವರ ಹಕ್ಕು. ಕೊನೆಯಲ್ಲಿ ಐದು ಪ್ರಶ್ನೆಗಳು. ಅದೇ ಪುಟ ತಾಯಂದಿರ ವಾಟ್ಸ್ಆ್ಯಪ್ ಗುಂಪಿಗೂ ಹೋಗುತ್ತದೆ. ಮಗಳು ಏನು ಕಲಿತಳೆಂದು ತಾಯಿಗೂ ಗೊತ್ತಿರಲಿ ಎಂಬುದು ನನ್ನ ಆಸೆ.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ತನ್ನ ಕಾಲೇಜಿನ ಕೆಲಸಕ್ಕೆಂದು ಲ್ಯಾಪ್‌ಟಾಪ್‌ನಲ್ಲಿ ಒಂದು ಕೃತಕ ಬುದ್ಧಿಮತ್ತೆಯ ಸಹಾಯಕವನ್ನು ಹಾಕಿಕೊಂಡಿದ್ದಳು. ಮೊಬೈಲಿನಲ್ಲಿ ನಾವು ನೋಡುವ ಚಾಟ್‌ನಂತೆ ಅದಕ್ಕೆ ಬಣ್ಣದ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆ, ಮಿನುಗುವ ಒಂದು ಗೆರೆ, ಅಷ್ಟೇ. ನಾವು ಟೈಪ್ ಮಾಡಬೇಕು, ಅದು ಉತ್ತರಿಸುತ್ತದೆ. ಇದನ್ನು ಕಮಾಂಡ್ ಲೈನ್ ಎನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ಆಂಥ್ರೊಪಿಕ್ ಕಂಪೆನಿ ಕ್ಲಾಡ್ ಕೋಡ್ ಎಂಬುದನ್ನು ಪರಿಚಯಿಸಿತು. ಅದೇ ವರ್ಷ ಜೂನ್‌ನಲ್ಲಿ ಗೂಗಲ್‌ನ ಜೆಮಿನೈ ಸಿಎಲ್‌ಐ ಬಂತು. ಇವನ್ನು ಮುಖ್ಯವಾಗಿ ಮಾಡಿರುವುದು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರಿಗಾಗಿ. ಆದರೆ ಬರಹದ ಕೆಲಸವನ್ನೂ ಅವು ಮಾಡುತ್ತವೆ.

ಇವುಗಳಲ್ಲಿ ಒಂದು ವಿಶೇಷವಿದೆ. ಕಂಪ್ಯೂಟರಿನ ಯಾವ ಫೋಲ್ಡರ್‌ನಲ್ಲಿ ನಾವು ಅದನ್ನು ತೆರೆಯುತ್ತೇವೋ ಆ ಫೋಲ್ಡರ್‌ನ ಫೈಲುಗಳನ್ನು ಅದು ಓದಬಲ್ಲದು. ನಾವು ಒಪ್ಪಿಗೆ ಕೊಟ್ಟರೆ ಹೊಸ ಫೈಲ್ ಬರೆದಿಡಬಲ್ಲದು. ನನ್ನ ಹಿಂದಿನ ಪಾಠಗಳೆಲ್ಲ ಒಂದೇ ಫೋಲ್ಡರ್‌ನಲ್ಲಿದ್ದವು. “ಹಿಂದಿನ ಪಾಠಗಳನ್ನು ನೋಡು, ಅದೇ ರೀತಿಯಲ್ಲಿ ಈ ವಾರದ್ದನ್ನು ಸಿದ್ಧಪಡಿಸು” ಎಂದರೆ ಅದು ನೋಡಿ ಬರೆಯುತ್ತಿತ್ತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಎಷ್ಟೋ ಸಲ ಒಡೆದು ಚೂರಾಗಿ ಕಾಣುತ್ತವೆ. ಗಾಬರಿಯಾಗಬೇಕಿಲ್ಲ. ಉತ್ತರವನ್ನು ಫೈಲ್‌ನಲ್ಲಿ ಬರೆಸಿ, ಆ ಫೈಲನ್ನು ಸಾಮಾನ್ಯ ಎಡಿಟರ್‌ನಲ್ಲಿ ತೆರೆದರೆ ಅಕ್ಷರಗಳು ಸರಿಯಾಗಿರುತ್ತವೆ.

ಶನಿವಾರ ರಾತ್ರಿ ಇಶಾ ನಮಾಝ್ ಮುಗಿಸಿ ಕುಳಿತು ನಾನು ಅದಕ್ಕೆ ಹೇಳಬೇಕಾದುದನ್ನೆಲ್ಲ ಟೈಪ್ ಮಾಡುತ್ತಿದ್ದೆ. ಓದುವವರು ಯಾರು, ಎಷ್ಟು ಪದ ಇರಬೇಕು, ಭಾಷೆ ಹೇಗಿರಬೇಕು, ಪ್ರಶ್ನೆಗಳು ಎಷ್ಟು. ಎಂಟು ಹತ್ತು ಸಾಲು. ಒಂದು ವಾರ ಒಂದು ಸಾಲು ಮರೆತರೆ ಪಾಠ ಎರಡು ಪುಟವಾಗಿಬಿಡುತ್ತಿತ್ತು. ಇನ್ನೊಂದು ವಾರ ಭಾಷೆ ಕಠಿಣವಾಗುತ್ತಿತ್ತು.

ಒಂದು ರಾತ್ರಿ ಮಗಳು ಹಿಂದೆ ನಿಂತು ನೋಡುತ್ತಿದ್ದಳು. “ಉಮ್ಮಾ, ವಾರವಾರ ಅದನ್ನೇ ಯಾಕೆ ಬರೀತೀರಿ? ಒಮ್ಮೆ ಬರೆದಿಟ್ಟರೆ ಸಾಕಲ್ಲ” ಎಂದಳು.

“ಬರೆದಿಟ್ಟು ಪ್ರತಿ ಸಲ ನಕಲು ಮಾಡಿ ಅಂಟಿಸಬೇಕಾ?”

“ಅದೂ ಬೇಡ. ಒಂದೇ ಪದ ಟೈಪ್ ಮಾಡಿದರೆ ಸಾಕು” ಎಂದು ಹೇಳಿ ಪಕ್ಕದಲ್ಲಿ ಕುಳಿತಳು.

ಹತ್ತು ನಿಮಿಷದ ಕಲಿಕೆ

ಅವಳು ಕಲಿಸಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ.

ನಾವು ಸಹಾಯಕನಿಗೆ ಕೊಡುವ ಸೂಚನೆಯನ್ನು ಪ್ರಾಂಪ್ಟ್ ಎನ್ನುತ್ತಾರೆ. ಆ ಸೂಚನೆಯನ್ನು ಒಂದು ಸಾದಾ ಫೈಲಿನಲ್ಲಿ ಬರೆದು, ಅದಕ್ಕೊಂದು ಹೆಸರು ಕೊಟ್ಟು, ನಿಗದಿತ ಫೋಲ್ಡರ್‌ನಲ್ಲಿ ಇಟ್ಟರೆ ಆ ಹೆಸರೇ ಒಂದು ಶಾರ್ಟ್‌ಕಟ್ ಆಗುತ್ತದೆ. ಕ್ಲಾಡ್ ಕೋಡ್‌ನಲ್ಲಿ ಇದಕ್ಕಾಗಿ ‘ಕಮಾಂಡ್ಸ್’ ಎಂಬ ಫೋಲ್ಡರ್ ಇರುತ್ತದೆ. ಅದು ‘ಕ್ಲಾಡ್’ ಎಂಬ, ಮುಂದೆ ಚುಕ್ಕಿಯಿರುವ ಫೋಲ್ಡರ್‌ನ ಒಳಗಿರಬೇಕು. ಸೂಚನೆಯ ಫೈಲ್ ಮಾರ್ಕ್‌ಡೌನ್ ಎಂಬ ಬಗೆಯದು. ಹೆಸರು ಮಾರ್ಕ್‌ಡೌನ್ ಎಂದಿದ್ದರೂ ಅದು ಬರೇ ಅಕ್ಷರಗಳ ಫೈಲ್. ನಾನು ಅದಕ್ಕೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಪಾಠ’ ಎಂದು ಹೆಸರಿಟ್ಟೆ ಎಂದಿಟ್ಟುಕೊಳ್ಳಿ. ಮುಂದಿನ ಸಲ ಕಪ್ಪು ಪರದೆಯಲ್ಲಿ ಒಂದು ಓರೆಗೆರೆ ಹಾಕಿ ‘/ಪಾಠ’ ಎಂದು ಟೈಪ್ ಮಾಡಿದರೆ ಸಾಕು. ಫೈಲಿನಲ್ಲಿದ್ದ ಹತ್ತು ಸಾಲುಗಳೂ ಸಹಾಯಕನಿಗೆ ತಲುಪುತ್ತವೆ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ಟೈಪ್ ಮಾಡಲು ಸುಲಭ. ಒಳಗಿನ ಸೂಚನೆ ಕನ್ನಡದಲ್ಲೇ ಇರಬಹುದು.

ಆದರೆ ಪ್ರತಿ ವಾರ ವಿಷಯ ಬೇರೆಯಲ್ಲವೇ? ಅದಕ್ಕೂ ದಾರಿಯಿದೆ. ಫೈಲಿನಲ್ಲಿ ವಿಷಯ ಬರಬೇಕಾದ ಜಾಗದಲ್ಲಿ ಡಾಲರ್ ಚಿಹ್ನೆಯನ್ನೂ ಅದಕ್ಕೆ ಅಂಟಿಕೊಂಡಂತೆ ‘ಆರ್ಗ್ಯುಮೆಂಟ್ಸ್’ ಎಂಬ ಪದವನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೂ ಬರೆಯಬೇಕು. ಅರ್ಜಿ ನಮೂನೆಯಲ್ಲಿ ಚುಕ್ಕಿ ಸಾಲು ಬಿಡುವುದಿಲ್ಲವೇ, ಹಾಗೆ. ‘/ಪಾಠ ನೆರೆಹೊರೆಯವರ ಹಕ್ಕು’ ಎಂದು ಟೈಪ್ ಮಾಡಿದರೆ ‘ನೆರೆಹೊರೆಯವರ ಹಕ್ಕು’ ಎಂಬ ಮಾತು ಆ ಚುಕ್ಕಿ ಸಾಲಿನಲ್ಲಿ ತುಂಬಿಕೊಳ್ಳುತ್ತದೆ. ಜೆಮಿನೈ ಸಿಎಲ್‌ಐಯಲ್ಲಿ ಕ್ರಮ ಸ್ವಲ್ಪ ಬೇರೆ. ಅಲ್ಲಿ ಫೈಲ್ ಟಾಮಲ್ ಎಂಬ ಬಗೆಯದು. ಖಾಲಿ ಜಾಗಕ್ಕೆ ಎರಡು ಜೋಡಿ ಪುಷ್ಪಾವರಣದೊಳಗೆ ‘ಆರ್ಗ್ಸ್’ ಎಂದು ಬರೆಯಬೇಕು. ತತ್ವ ಮಾತ್ರ ಒಂದೇ.

ಫೈಲ್ ಇಡಲು ಎರಡು ಜಾಗಗಳಿವೆ. ಪಾಠದ ಫೋಲ್ಡರ್‌ನ ಒಳಗೇ ಇಟ್ಟರೆ ಆ ಶಾರ್ಟ್‌ಕಟ್ ಅಲ್ಲಿ ಮಾತ್ರ ಸಿಗುತ್ತದೆ. ಆ ಫೋಲ್ಡರನ್ನು ಇನ್ನೊಬ್ಬ ಟೀಚರ್‌ಗೆ ಕೊಟ್ಟರೆ ಶಾರ್ಟ್‌ಕಟ್ ಕೂಡಾ ಜೊತೆಗೆ ಹೋಗುತ್ತದೆ. ಬಳಕೆದಾರರ ಸ್ವಂತ ಫೋಲ್ಡರ್‌ನಲ್ಲಿ ಇಟ್ಟರೆ ಆ ಕಂಪ್ಯೂಟರಿನಲ್ಲಿ ಯಾವ ಕೆಲಸ ಮಾಡುವಾಗಲೂ ಸಿಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮತ್ತು ಊಟದ ಮೇಜಿನ ಉಪ್ಪಿನ ಡಬ್ಬಿ ಇದ್ದಂತೆ.

2025ರ ಅಕ್ಟೋಬರ್‌ನಲ್ಲಿ ಆಂಥ್ರೊಪಿಕ್‌ನವರು ‘ಸ್ಕಿಲ್ಸ್’ ಎಂಬ ಇನ್ನೊಂದು ವಿಧಾನವನ್ನೂ ತಂದರು. ಅದರಲ್ಲಿ ಸೂಚನೆಯ ಜೊತೆಗೆ ‘ಇದನ್ನು ಯಾವಾಗ ಬಳಸಬೇಕು’ ಎಂಬ ವಿವರಣೆಯನ್ನೂ ಬರೆದಿಡುತ್ತೇವೆ. ಸಂದರ್ಭ ನೋಡಿ ಸಹಾಯಕವೇ ಅದನ್ನು ಎತ್ತಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರಿಗೆ ನಾವೇ ಹೆಸರು ಹೇಳಿ ಕರೆಯುವ ಮೊದಲ ವಿಧಾನವೇ ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಏನು ನಡೆಯುತ್ತಿದೆ ಎಂಬುದು ನಮ್ಮ ಕಣ್ಣೆದುರಿಗೇ ಇರುತ್ತದೆ.

ಅಂದು ರಾತ್ರಿ ನಾನು ಬರೆದಿಟ್ಟ ಸೂಚನೆ ಹೀಗಿತ್ತು: ಓದುವವರು ಹನ್ನೆರಡರಿಂದ ಹದಿನಾರು ವರ್ಷದ ಹೆಣ್ಣುಮಕ್ಕಳು. ಸರಳ ಕನ್ನಡ ಇರಲಿ. 250 ಪದ ಮೀರಬಾರದು. ಮನೆಯಲ್ಲಿ ದಿನವೂ ನಡೆಯುವ ಒಂದು ಸಂಗತಿಯಿಂದ ಆರಂಭಿಸು. ವಿಷಯಕ್ಕೆ ಹೊಂದುವ ಒಂದು ಹದೀಸನ್ನು ಗ್ರಂಥದ ಹೆಸರು ಮತ್ತು ಸಂಖ್ಯೆಯ ಸಹಿತ ಕೊಡು. ಕೊನೆಗೆ ಐದು ಪ್ರಶ್ನೆ ಬರೆ, ಅದರಲ್ಲಿ ಎರಡು ಪ್ರಶ್ನೆ ಮಗಳು ತಾಯಿಯ ಜೊತೆ ಚರ್ಚಿಸುವಂತಿರಲಿ.

ಅದರ ಮೇಲೆ ಕೆಲಸ ಬಹಳ ಸುಲಭವಾಯಿತು. ಶನಿವಾರ ರಾತ್ರಿಯ ಒಂದೂವರೆ ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಬೇಗ ಮಲಗಿ ತಹಜ್ಜುದ್‌ಗೆ ಏಳಲು ಸಾಧ್ಯವಾಯಿತು. ಅಲ್‌ಹಮ್ದುಲಿಲ್ಲಾಹ್ ಎಂದುಕೊಂಡೆ.

ಮೇಲಿನ ಸೂಚನೆಯಲ್ಲಿ ಕಲ್ಲು ಎಲ್ಲಿದೆ ಎಂಬುದು ನಿಮಗೆ ಕಂಡಿತೇ? ನನಗೆ ಕಾಣಲಿಲ್ಲ.

ಒಬ್ಬ ತಾಯಿಯ ಪ್ರಶ್ನೆ

ಒಂಬತ್ತು ವಾರ ಹೀಗೆ ನಡೆಯಿತು. ಮೊದಲ ಮೂರು ವಾರ ಬಂದ ಹದೀಸ್‌ಗಳನ್ನು ನಾನು ಗ್ರಂಥ ತೆರೆದು ನೋಡಿದ್ದೆ. ಮೂರೂ ಸರಿಯಿದ್ದವು. ನಾಲ್ಕನೇ ವಾರ ಮನೆಗೆ ನೆಂಟರು ಬಂದಿದ್ದರು. ನೋಡಲಾಗಲಿಲ್ಲ. ಐದನೇ ವಾರ ‘ಇದು ಸರಿಯಾಗಿಯೇ ಕೊಡುತ್ತದೆ’ ಎಂಬ ಧೈರ್ಯ ಬಂದುಬಿಟ್ಟಿತ್ತು. ಆಮೇಲೆ ನೋಡುವ ಅಭ್ಯಾಸವೇ ತಪ್ಪಿತು.

ಒಂಬತ್ತನೇ ವಾರ ಒಬ್ಬ ತಾಯಿ ಫೋನ್ ಮಾಡಿದರು. “ಟೀಚರ್, ನೆರೆಹೊರೆಯವರ ಪಾಠದಲ್ಲಿ ಒಂದು ಹದೀಸ್ ಕೊಟ್ಟಿದ್ದೀರಲ್ಲ, ಅದರ ಅರಬಿ ಮೂಲ ಬೇಕಿತ್ತು. ಮಗಳು ಭಾಷಣ ಸ್ಪರ್ಧೆಯಲ್ಲಿ ಹೇಳಬೇಕೆಂದಿದ್ದಾಳೆ. ನಾನೂ ನಮ್ಮ ಮಹಿಳೆಯರ ಕ್ಲಾಸ್‌ನಲ್ಲಿ ಅದನ್ನು ಓದಿ ಹೇಳಿದೆ, ಎಲ್ಲರಿಗೂ ತುಂಬಾ ಇಷ್ಟವಾಯಿತು” ಎಂದರು.

“ಕಳಿಸ್ತೇನೆ” ಎಂದು ಹೇಳಿ ಗ್ರಂಥ ತೆರೆದೆ. ಕೊಟ್ಟಿದ್ದ ಸಂಖ್ಯೆಯಲ್ಲಿ ಬೇರೆಯೇ ವಿಷಯದ ಹದೀಸ್ ಇತ್ತು. ಮುದ್ರಣದಿಂದ ಮುದ್ರಣಕ್ಕೆ ಸಂಖ್ಯೆ ಬದಲಾಗುವುದುಂಟು, ಹಾಗಿರಬಹುದು ಎಂದು ಆ ಅಧ್ಯಾಯವನ್ನೆಲ್ಲ ಓದಿದೆ. ಸಿಗಲಿಲ್ಲ. ಬೇರೆ ಗ್ರಂಥಗಳಲ್ಲಿ ಹುಡುಕಿದೆ. ಕೊನೆಗೆ ನನಗೆ ಕಲಿಸಿದ ಉಸ್ತಾದರಿಗೆ ಫೋನ್ ಮಾಡಿದೆ. ಅವರು ಎರಡು ದಿನ ಸಮಯ ಕೇಳಿ ನೋಡಿ ಹೇಳಿದರು: “ಆ ಮಾತು ನನಗೆ ಎಲ್ಲೂ ಸಿಗಲಿಲ್ಲಮ್ಮಾ. ನಿನಗೆ ಎಲ್ಲಿಂದ ಸಿಕ್ಕಿತು?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮದ್ರಸದಲ್ಲಿ ಏಳು ವರ್ಷ ಕುಳಿತು ಕಲಿತವಳು ನಾನು. ‘ಯಾರಿಂದ ಕೇಳಿದೆ?’ ಎಂಬ ಪ್ರಶ್ನೆಯೇ ಹದೀಸ್ ವಿಜ್ಞಾನದ ಬುನಾದಿ ಎಂದು ಮಕ್ಕಳಿಗೆ ಹೇಳಿಕೊಡುವವಳು.

ಉಳಿದ ಎಂಟು ಪುಟಗಳನ್ನೂ ತೆಗೆದು ಒಂದೊಂದಾಗಿ ನೋಡಿದೆ. ಏಳು ಸರಿಯಿದ್ದವು. ಇನ್ನೊಂದರಲ್ಲಿ ಹದೀಸ್ ಸರಿಯಾಗಿತ್ತು, ಆದರೆ ಗ್ರಂಥದ ಹೆಸರು ತಪ್ಪಾಗಿತ್ತು. ಒಟ್ಟು ಎರಡು ತಪ್ಪುಗಳು.

ಒಳ್ಳೆಯ ಮಾತೇ ಅಲ್ಲವೇ?

ನಿಜ ಹೇಳಬೇಕೆಂದರೆ, ಒಂದು ಕ್ಷಣ ಸುಮ್ಮನಿದ್ದುಬಿಡೋಣವೇ ಎಂದೂ ಅನಿಸಿತು. ಆ ಮಾತು ಸುಂದರವಾಗಿತ್ತು. ಇಸ್ಲಾಮಿನ ಆಶಯಕ್ಕೆ ವಿರುದ್ಧವಾಗಿರಲಿಲ್ಲ. ಅದನ್ನು ಕೇಳಿದವರು ನೆರೆಮನೆಯವರೊಂದಿಗೆ ಚೆನ್ನಾಗಿ ನಡೆದುಕೊಂಡಾರು, ಕೆಟ್ಟದ್ದೇನೂ ಆಗದು. ಶೈತಾನನು ಬರುವುದು ಹೆಚ್ಚಾಗಿ ಇಂಥ ಬಾಗಿಲಿನಿಂದಲೇ.

ಹಿಂದಿನ ಕಾಲದಲ್ಲೂ ಹೀಗೆ ಯೋಚಿಸಿದವರಿದ್ದರು. ಜನರು ಸತ್ಕರ್ಮಗಳತ್ತ ಬರಲಿ ಎಂಬ ಸದುದ್ದೇಶದಿಂದಲೇ ಹದೀಸ್‌ಗಳನ್ನು ಹೆಣೆದವರು ಭಕ್ತರೆನಿಸಿಕೊಂಡವರಲ್ಲೂ ಇದ್ದರು. ನಮ್ಮ ಇಮಾಮರು ಅವರ ಉದ್ದೇಶ ನೋಡಿ ರಿಯಾಯಿತಿ ಕೊಡಲಿಲ್ಲ. ಹಿಜರಿ 6ನೇ ಶತಮಾನದ ಬಗ್ದಾದಿನ ವಿದ್ವಾಂಸ ಇಬ್ನುಲ್ ಜೌಝಿಯವರು ಇಂಥ ಕಟ್ಟುಕಥೆಗಳನ್ನು ಗುರುತಿಸಿ ಹೇಳಲೆಂದೇ ‘ಅಲ್ ಮೌಝೂಆತ್’ ಎಂಬ ಗ್ರಂಥ ರಚಿಸಿದರು. ಹಿಜರಿ 256ರಲ್ಲಿ, ಅಂದರೆ ಕ್ರಿ.ಶ. 870ರಲ್ಲಿ ನಿಧನರಾದ ಇಮಾಮ್ ಬುಖಾರಿಯವರು ಊರೂರು ಸುತ್ತಿ, ಪ್ರತಿಯೊಬ್ಬ ವರದಿಗಾರನ ನಡತೆ ಮತ್ತು ನೆನಪಿನ ಶಕ್ತಿಯನ್ನು ಅಳೆದು ತೂಗಿ ತಮ್ಮ ಸಂಗ್ರಹ ಸಿದ್ಧಪಡಿಸಿದರು. ತಾನು ಹೇಳದ ಮಾತನ್ನು ತನ್ನ ಹೆಸರಿನಲ್ಲಿ ಬೇಕೆಂದೇ ಹೇಳುವವರಿಗೆ ನರಕದ ಎಚ್ಚರಿಕೆಯನ್ನು ಪ್ರವಾದಿ ಮುಹಮ್ಮದ್(ಸ)ರು ಸ್ವತಃ ನೀಡಿದ್ದಾರೆ. ನಾನು ಬೇಕೆಂದು ಹೇಳಿರಲಿಲ್ಲ, ನಿಜ. ಆದರೆ ಗೊತ್ತಾದ ಮೇಲೂ ಸುಮ್ಮನಿದ್ದರೆ ಅದು ಬೇಕೆಂದೇ ಮಾಡಿದಂತಾಗುವುದಿಲ್ಲವೇ?

ಮುಂದಿನ ಭಾನುವಾರ ಪಾಠಕ್ಕೆ ಮೊದಲು ಮಕ್ಕಳೆದುರು ನಿಂತು ನಡೆದುದನ್ನು ಹೇಳಿದೆ. ತಾಯಂದಿರ ಗುಂಪಿಗೂ ಬರೆದೆ. ಆ ತಾಯಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ತಮ್ಮ ಕ್ಲಾಸ್‌ನಲ್ಲೂ ತಿದ್ದಿ ಹೇಳುತ್ತೇನೆ ಎಂದರು. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು, “ಟೀಚರ್, ಕಂಪ್ಯೂಟರ್ ಸುಳ್ಳು ಹೇಳಿತಾ?”

ಒಳ್ಳೆಯ ಪ್ರಶ್ನೆ. ಸುಳ್ಳು ಹೇಳಲು ಸತ್ಯ ಗೊತ್ತಿರಬೇಕು. ಈ ಸಹಾಯಕವು ಅಪಾರ ಬರಹಗಳನ್ನು ಓದಿ, ಒಂದು ಪದದ ಬಳಿಕ ಯಾವ ಪದ ಬರುವುದು ಸಹಜ ಎಂಬುದನ್ನು ಕಲಿತಿರುತ್ತದೆ. ಹದೀಸ್ ಕೊಡು ಎಂದರೆ ಹದೀಸ್‌ನಂತೆ ಕೇಳಿಸುವ ವಾಕ್ಯ ಬರುತ್ತದೆ. ಸಂಖ್ಯೆ ಕೊಡು ಎಂದರೆ ಸಂಖ್ಯೆಯಂತೆ ಕಾಣುವ ಅಂಕಿ ಬರುತ್ತದೆ. ಪ್ರಸಿದ್ಧ ಹದೀಸ್ ಆದರೆ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ. ಸರಿಯಾದದ್ದನ್ನೂ ತಪ್ಪಾದದ್ದನ್ನೂ ಅದು ಒಂದೇ ಧೈರ್ಯದಿಂದ ಹೇಳುತ್ತದೆ. ನಮ್ಮನ್ನು ಮೋಸಗೊಳಿಸುವುದು ಆ ಧೈರ್ಯವೇ.

ತಪ್ಪು ಯಂತ್ರದ್ದೆಂದು ಹೇಳಿ ನಾನು ತಪ್ಪಿಸಿಕೊಳ್ಳಲಾರೆ. ‘ಒಂದು ಹದೀಸ್ ಕೊಡು’ ಎಂದು ಸೂಚನೆಯಲ್ಲಿ ಬರೆದಿಟ್ಟವಳು ನಾನು. ಒಂದು ದಿನ ಬಾಯಿಮಾತಿನಲ್ಲಿ ಕೇಳಿದ್ದರೆ ತಪ್ಪು ಒಂದೇ ದಿನಕ್ಕೆ ಮುಗಿಯುತ್ತಿತ್ತು. ಬರೆದಿಟ್ಟದ್ದರಿಂದ ಅದು ಪ್ರತಿ ವಾರ, ನಾನು ಯೋಚಿಸದೆಯೇ, ನನ್ನ ಪರವಾಗಿ ಕೇಳುತ್ತಲೇ ಇತ್ತು. ಮಸಾಲೆ ಡಬ್ಬಿಯ ಕಲ್ಲು ಎಂದರೆ ಇದೇ.

ತಿದ್ದಿದ ಸೂಚನೆ

ಮಗಳೊಂದಿಗೆ ಕುಳಿತು ಫೈಲನ್ನು ತಿದ್ದಿದೆ. ಹದೀಸ್‌ನ ಸಾಲನ್ನು ಅಳಿಸಿದೆ. ಅದರ ಬದಲು ಹೀಗೆ ಬರೆದೆ: ಕುರ್‌ಆನಿನ ಸೂಕ್ತವನ್ನಾಗಲಿ ಹದೀಸನ್ನಾಗಲಿ ನೀನಾಗಿ ಬರೆಯಬೇಡ. ನಾನು ಕೊಟ್ಟಿರುವ ಫೈಲಿನಲ್ಲಿ ಈ ವಿಷಯಕ್ಕೆ ಹೊಂದುವುದು ಇದ್ದರೆ ಅದನ್ನು ಒಂದಕ್ಷರವೂ ಬದಲಿಸದೆ ಹಾಕು. ಇಲ್ಲದಿದ್ದರೆ ಆ ಜಾಗದಲ್ಲಿ ‘ಟೀಚರ್ ಬರೆಯಬೇಕು’ ಎಂದು ಗುರುತು ಹಾಕಿ ಖಾಲಿ ಬಿಡು.

ಆ ಫೈಲನ್ನು ನಾನೇ ಸಿದ್ಧಪಡಿಸುತ್ತಿದ್ದೇನೆ. ಗ್ರಂಥ ನೋಡಿ, ಉಸ್ತಾದರಿಗೆ ತೋರಿಸಿ, ಒಂದೊಂದೇ ಹದೀಸನ್ನು ಟೈಪ್ ಮಾಡಿ ಸೇರಿಸುತ್ತೇನೆ. ಈಗ ನಲವತ್ತರಷ್ಟು ಆಗಿವೆ. ಸೂಚನೆಯಲ್ಲಿ ಆ ಫೈಲಿನ ಹೆಸರಿನ ಮುಂದೆ ಇ-ಮೇಲ್ ವಿಳಾಸದಲ್ಲಿ ಬರುವ ‘ಅಟ್’ ಚಿಹ್ನೆ ಹಾಕಿದರೆ ಕ್ಲಾಡ್ ಕೋಡ್‌ನಂಥ ಸಹಾಯಕ ಆ ಫೈಲನ್ನೂ ಜೊತೆಗೆ ಓದಿಕೊಳ್ಳುತ್ತದೆ. ಹೀಗೆ ಮಾಡಿದರೆ ಪೂರ್ತಿ ಭದ್ರವಾಯಿತೇ? ಇಲ್ಲ. ಬರೆದಿಟ್ಟ ಸೂಚನೆಯನ್ನು ಅದು ಪ್ರತಿ ಸಲ ಚಾಚೂ ತಪ್ಪದೆ ಪಾಲಿಸುತ್ತದೆ ಎಂಬ ಖಾತರಿಯಿಲ್ಲ. ಆದ್ದರಿಂದ ಕೊನೆಯಲ್ಲಿ ನಾನೇ ಓದುತ್ತೇನೆ, ಫೈಲಿನೊಂದಿಗೆ ಹೋಲಿಸುತ್ತೇನೆ. ಇಪ್ಪತ್ತು ನಿಮಿಷದ ಕೆಲಸ ಈಗ ನಲವತ್ತು ನಿಮಿಷವಾಗಿದೆ. ಮೊದಲಿನ ಒಂದೂವರೆ ಗಂಟೆಗಿಂತ ಇದು ಕಡಿಮೆಯೇ.

ಈ ಅನುಭವದಿಂದ ನಾನು ಕಲಿತ ಕೆಲವು ಮಾತುಗಳು:

ಒಂದು, ಸೂಚನೆಯಲ್ಲಿ ಏನು ಮಾಡಬೇಕು ಎಂಬುದರ ಜೊತೆ ಏನು ಮಾಡಬಾರದು ಎಂಬುದನ್ನೂ ಬರೆಯಿರಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಲು ಅನುಮತಿ ಕೊಡಿ. ಖಾಲಿ ಬಿಡಬಾರದು ಎಂದು ಒತ್ತಾಯಿಸಿದರೆ ಮನುಷ್ಯರೂ ಏನಾದರೂ ತುಂಬಿಬಿಡುತ್ತಾರೆ.

ಎರಡು, ಒಂದು ಶಾರ್ಟ್‌ಕಟ್‌ಗೆ ಒಂದೇ ಕೆಲಸ ಇರಲಿ. ಪಾಠಕ್ಕೊಂದು, ಪ್ರಶ್ನೆಪತ್ರಿಕೆಗೊಂದು, ತಾಯಂದಿರಿಗೆ ಬರೆಯುವ ಪತ್ರಕ್ಕೊಂದು. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಯಾವುದೂ ನೆಟ್ಟಗಾಗುವುದಿಲ್ಲ, ತಪ್ಪು ಎಲ್ಲಿದೆಯೆಂದು ಹುಡುಕಲೂ ಆಗುವುದಿಲ್ಲ.

ಮೂರು, ಅಮಾನತ್ತಿನ ಬಗ್ಗೆ ಎಚ್ಚರವಿರಲಿ. ಮಕ್ಕಳ ಹೆಸರು, ಅಂಕ, ಮನೆಯ ಕಷ್ಟ, ಇವೆಲ್ಲ ನಮ್ಮನ್ನು ನಂಬಿ ಹೇಳಿದ ಮಾತುಗಳು. ಸಹಾಯಕನಿಗೆ ನಾವು ಕೊಡುವುದೆಲ್ಲ ಇಂಟರ್ನೆಟ್ ಮೂಲಕ ಕಂಪೆನಿಯ ಕಂಪ್ಯೂಟರಿಗೆ ಹೋಗುತ್ತದೆ. ಮಕ್ಕಳ ವಿವರಗಳಿರುವ ಫೈಲುಗಳನ್ನು ನಾನು ಆ ಫೋಲ್ಡರ್‌ನಿಂದ ಹೊರಗೆ, ಬೇರೆ ಕಡೆ ಇಟ್ಟಿದ್ದೇನೆ.

ನಾಲ್ಕು, ಬೇರೆಯವರು ಬರೆದ ಶಾರ್ಟ್‌ಕಟ್ ಸಿಕ್ಕಿದರೆ ಪೂರ್ತಿ ಓದದೆ ಬಳಸಬೇಡಿ. ಈ ಫೈಲುಗಳ ಒಳಗೆ ಕಂಪ್ಯೂಟರಿನಲ್ಲಿ ಬೇರೆ ಕೆಲಸ ನಡೆಸುವ ಆದೇಶಗಳನ್ನೂ ಬರೆಯಬಹುದು. ಫೈಲ್ ಬದಲಿಸುವ ಮೊದಲು ಸಹಾಯಕವು ನಿಮ್ಮ ಒಪ್ಪಿಗೆ ಕೇಳಿದಾಗ ಓದದೆ ‘ಹೌದು’ ಒತ್ತಬೇಡಿ. ಓದದ ಕಾಗದಕ್ಕೆ ಸಹಿ ಹಾಕಿದಂತೆಯೇ ಅದು.

ಐದು, ಎರಡು ಮೂರು ತಿಂಗಳಿಗೊಮ್ಮೆ ಬರೆದಿಟ್ಟ ಸೂಚನೆಗಳನ್ನು ತೆರೆದು ಓದಿ. ತಿದ್ದಿದ ದಿನಾಂಕವನ್ನು ಬೇರೊಂದು ಪುಸ್ತಕದಲ್ಲಿ ಬರೆದಿಡಿ.

ಲ್ಯಾಪ್‌ಟಾಪ್ ಇಲ್ಲದ ಸಹೋದರಿಯರಿಗೆ

ಇದೆಲ್ಲ ನಮಗಲ್ಲ ಎಂದು ಪುಟ ಮಗುಚಬೇಡಿ. ಕಪ್ಪು ಪರದೆ ಇಲ್ಲದಿದ್ದರೂ ವಿಷಯ ಇದೇ. ಮೊಬೈಲಿನ ನೋಟ್ಸ್‌ನಲ್ಲಿ ನಾಲ್ಕು ಸಾಲಿನ ಸೂಚನೆ ಬರೆದಿಟ್ಟು, ಬೇಕಾದಾಗ ನಕಲು ಮಾಡಿ ಯಾವುದೇ ಚಾಟ್‌ಗೆ ಅಂಟಿಸಿದರೆ ಅದೂ ಶಾರ್ಟ್‌ಕಟ್ ಆಗುತ್ತದೆ. ನನ್ನ ನಾದಿನಿ ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಾಳೆ. ಗಿರಾಕಿಗಳಿಗೆ ಕಳಿಸುವ ಸಂದೇಶವನ್ನು ಅವಳು ಹೀಗೆಯೇ ಸಿದ್ಧಪಡಿಸುತ್ತಾಳೆ. ‘ವಿನಯದಿಂದ, ಐದು ಸಾಲು ಮೀರದಂತೆ, ಕೊಡುವ ದಿನಾಂಕವನ್ನು ಮೊದಲ ಸಾಲಿನಲ್ಲೇ ಬರೆ. ದರವನ್ನು ಮಾತ್ರ ನೀನು ಬರೆಯಬೇಡ, ಖಾಲಿ ಬಿಡು’ ಎಂಬುದು ಅವಳ ಸೂಚನೆ. ದರವನ್ನು ಅವಳೇ ತುಂಬುತ್ತಾಳೆ. ನನ್ನ ಕತೆ ಕೇಳಿದ ಮೇಲೆ ಸೇರಿಸಿದ ಸಾಲು ಅದು.

ಬರೆದಿಡುವ ಅಭ್ಯಾಸ ನಮಗೆ ಹೊಸದಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಆದರೆ ಆ ಸೂಕ್ತ ಬರೆದಿಡಿ ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಬರೆಯುವವನು ನ್ಯಾಯದಿಂದ ಬರೆಯಬೇಕು, ಹೊಣೆಗಾರನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು ಎಂದೂ ಆದೇಶಿಸುತ್ತದೆ. ಬರೆದಿಟ್ಟ ಮಾತಿಗೆ ಬಲ ಹೆಚ್ಚು. ಅದಕ್ಕೇ ಅದರ ಹೊಣೆಯೂ ಹೆಚ್ಚು. ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತವು ನಂಬಿಕೆಗೆ ಅರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ಸ್ವೀಕರಿಸಬಾರದೆಂದು ಕಲಿಸುತ್ತದೆ. ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗದಿರಲಿ ಎಂಬುದೇ ಅದಕ್ಕೆ ಕೊಟ್ಟಿರುವ ಕಾರಣ. ನಾನು ಪಟ್ಟದ್ದು ಆ ಪಶ್ಚಾತ್ತಾಪವನ್ನೇ.

ಕೊನೆಯದಾಗಿ ಒಂದು ಮಾತು. ದಿನದ ಐದು ಕಡ್ಡಾಯ ನಮಾಝ್‌ಗಳಲ್ಲಿ ಒಟ್ಟು ಹದಿನೇಳು ರಕಅತ್‌ಗಳಿವೆ. ಹದಿನೇಳು ಸಲ ಅದೇ ಫಾತಿಹಾ, ಅವೇ ಪದಗಳು. ಆದರೆ ಪ್ರತಿಯೊಂದು ನಮಾಝಿಗೂ ನಿಯ್ಯತ್ ಹೊಸದಾಗಿಯೇ ಮಾಡಬೇಕು. ಬೆಳಗಿನ ನಿಯ್ಯತ್ತಿನಲ್ಲಿ ಸಂಜೆಯ ನಮಾಝ್ ಆಗುವುದಿಲ್ಲ. ಮಾತು ಸಿದ್ಧವಾಗಿದ್ದರೂ ಮನಸ್ಸು ಪ್ರತಿ ಸಲ ಹಾಜರಿರಬೇಕು. ಕಂಪ್ಯೂಟರಿನ ಶಾರ್ಟ್‌ಕಟ್ ನಮ್ಮ ಬೆರಳುಗಳ ಶ್ರಮವನ್ನು ಉಳಿಸುತ್ತದೆ, ಉಳಿಸಲಿ. ನೋಡುವ ಕಣ್ಣಿನ ಕೆಲಸವನ್ನೂ, ಹೊಣೆ ಹೊರುವ ಹೃದಯದ ಕೆಲಸವನ್ನೂ ಅದಕ್ಕೆ ಒಪ್ಪಿಸಿಕೊಡಬಾರದು.

ಈಗ ಪ್ರತಿ ಶನಿವಾರ ‘/ಪಾಠ’ ಎಂದು ಟೈಪ್ ಮಾಡುವ ಮೊದಲು ಬಿಸ್ಮಿಲ್ಲಾಹ್ ಹೇಳುತ್ತೇನೆ. ಬಂದ ಪುಟವನ್ನು ಮಗಳಿಗೆ ತೋರಿಸುತ್ತೇನೆ. ಅವಳು ಓದಿ ಮೊದಲು ಕೇಳುವುದು ಒಂದೇ ಪ್ರಶ್ನೆ: “ಉಮ್ಮಾ, ಇದು ಎಲ್ಲಿಂದ?”

ಗ್ರಂಥ ತೆರೆದು ತೋರಿಸಿದ ಮೇಲೆಯೇ ಪುಟ ತಾಯಂದಿರ ಗುಂಪಿಗೆ ಹೋಗುತ್ತದೆ.

ಅರಿತೂ ಅರಿಯದೆಯೂ ನಮ್ಮಿಂದಾದ ತಪ್ಪುಗಳನ್ನು ಅಲ್ಲಾಹನು ಕ್ಷಮಿಸಲಿ. ನಾವು ಹೇಳುವ, ಬರೆಯುವ, ಹಂಚುವ ಪ್ರತಿಯೊಂದು ಮಾತಿನಲ್ಲೂ ಸತ್ಯವಿರುವಂತೆ ಅವನು ಅನುಗ್ರಹಿಸಲಿ. ಆಮೀನ್.